ಅರ್ಧ ಔನ್ಸ್ ಸೀಸ: ಮಾಮೀ ನದಿಯಲ್ಲಿ ವಾಲ್‌ಐ ಹಿಡಿಯಲು ಕಲಿತದ್ದು

ಮೊದಲ ವರ್ಷ ನಾನು ಗಾಳದ ದಾರಕ್ಕೆ ಭಾರಕ್ಕೆಂದು ಕಟ್ಟಿ ಮಾಮೀ ನದಿಗೆ ಒಪ್ಪಿಸಿದ ಸೀಸವನ್ನೆಲ್ಲ ಕೂಡಿಟ್ಟಿದ್ದರೆ ಒಂದು ಬೀಸುಬಲೆಯ ಅಂಚಿಗೆ ಕಟ್ಟಲು ಸಾಲುತ್ತಿತ್ತು. ಮೀನು ಮಾತ್ರ ಒಂದೂ ಸಿಗಲಿಲ್ಲ. ಐದು ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು, ಮುಕ್ಕಾಲು ಗಂಟೆ ಕಾರು ಓಡಿಸಿ, ಮಂಜಿನಂಥ ನೀರಿನಲ್ಲಿ ಸೊಂಟದವರೆಗೆ ನಿಂತು, ಬರಿಗೈಯಲ್ಲಿ ಮನೆಗೆ ಬಂದಿದ್ದೆ. ಎಡಕ್ಕೂ ಬಲಕ್ಕೂ ನಿಂತವರು ಮಾತ್ರ ಎಳೆಯುತ್ತಲೇ ಇದ್ದರು.

ಮಾಮೀ ನದಿ ಅಮೆರಿಕದ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಎರಡು ನದಿಗಳು ಕೂಡಿ ಹುಟ್ಟುತ್ತದೆ, ಒಹಾಯೊದ ಟೊಲೀಡೊ ನಗರದ ಬಳಿ ಈರಿ ಸರೋವರವನ್ನು ಸೇರುತ್ತದೆ. (ಹೆಸರು ಕೇಳಿ ನಮ್ಮ ಮಂಗಳೂರಿನ ಸಹೋದ್ಯೋಗಿ ಒಬ್ಬರು, 'ಅತ್ತೆಯ ಮನೆಗೆ ಹೊರಟಿರಾ' ಎಂದು ಈಗಲೂ ಛೇಡಿಸುತ್ತಾರೆ.) ಚಳಿಗಾಲ ಮುಗಿದು ನೀರು ಐದಾರು ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಸರೋವರದ ವಾಲ್‌ಐ ಮೀನುಗಳು ಮೊಟ್ಟೆ ಇಡಲು ನದಿ ಹತ್ತುತ್ತವೆ. ಮಾಮೀ ಮತ್ತು ಪೆರಿಸ್‌ಬರ್ಗ್ ಎಂಬ ಎದುರುಬದುರು ಊರುಗಳ ಆಸುಪಾಸಿನಲ್ಲಿ ನದಿಯ ತಳ ಸುಣ್ಣಕಲ್ಲಿನ ಹಾಸು ಮತ್ತು ಜಲ್ಲಿ. ಮೊಟ್ಟೆಗೆ ಬೇಕಾದದ್ದು ಅದೇ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ ಅಲ್ಲಿ ದಡ ಕಾಣದಷ್ಟು ಜನ.

ತೀರ್ಥಹಳ್ಳಿಯ ಕಡೆಯವನಾದ ನನಗೆ ಇದು ಹೊಸದೇನೂ ಅಲ್ಲ. ಮೊದಲ ಮಳೆಗೆ ಹಳ್ಳ ಕೆಂಪಾಗಿ ಬಂದ ರಾತ್ರಿ ಹತ್ತುಮೀನು ಗದ್ದೆಗೆ ನುಗ್ಗುವುದನ್ನು ನೋಡಿಯೇ ಬೆಳೆದವನು. ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟಿದ್ದೇನೆ, ಟಾರ್ಚ್ ಹಿಡಿದು ಓಡಿದ್ದೇನೆ. ಆ ಧೈರ್ಯದಲ್ಲೇ ಮಾಮೀಗೆ ಇಳಿದದ್ದು. ಹತ್ತುವ ಮೀನಿಗೆ ಹೊಟ್ಟೆಯ ಮೇಲೆ ಧ್ಯಾನವಿರುವುದಿಲ್ಲ ಎಂಬುದು ಊರಲ್ಲಿ ತಿಳಿದಿತ್ತು. ಅಂಥ ಮೀನಿಗೆ ಗಾಳ ಹಾಕಿ ಕಚ್ಚಿಸುವುದು ಹೇಗೆ ಎಂಬುದು ತಿಳಿದಿರಲಿಲ್ಲ. ಊರಲ್ಲಿ ಅದಕ್ಕೆ ಯಾರೂ ಗಾಳ ಹಾಕುವುದೇ ಇಲ್ಲವಲ್ಲ.

ಐದನೆಯ ಶನಿವಾರ ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕರು ನನ್ನ ಗಾಳದ ಕೋಲನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದರು. ಆಮೇಲೆ, "ನಿಮ್ಮ ಸೀಸ ಕೂತುಬಿಟ್ಟಿದೆ. ಅದು ನಡೆಯಬೇಕು" ಎಂದರು. ಜೇಬಿನಿಂದ ಮೂರು ಸೀಸದ ಗುಂಡು ತೆಗೆದು ಅಂಗೈಮೇಲೆ ಇಟ್ಟು ತೋರಿಸಿದರು: ಮೂರೆಂಟಾಂಶ ಔನ್ಸ್, ಅರ್ಧ ಔನ್ಸ್, ಮುಕ್ಕಾಲು ಔನ್ಸ್. ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೊಂದು, ಹದಿನಾಲ್ಕು, ಇಪ್ಪತ್ತೊಂದು ಗ್ರಾಂ. ನಾನು ದೂರ ಎಸೆಯುವ ಆಸೆಗೆ ದಿನವೂ ಮುಕ್ಕಾಲು ಔನ್ಸೇ ಕಟ್ಟುತ್ತಿದ್ದೆ. ಅದು ಬಿದ್ದಲ್ಲೇ ಕಲ್ಲಿನ ಸಂದಿಗೆ ಇಳಿದು ಕೂರುತ್ತಿತ್ತು. ಎಳೆದರೆ ದಾರ ಕಡಿಯುತ್ತಿತ್ತು.

ಅರ್ಧ ಔನ್ಸ್ ಕಟ್ಟಿದೆ. ನನಗೆ ಎದುರಾಗಿ ನೇರ ನದಿಗೆ ಎಸೆಯುವ ಬದಲು ತುಸು ಮೇಲ್ಹರಿವಿಗೆ, ಗಡಿಯಾರದ ಹತ್ತು ಗಂಟೆಯ ಮುಳ್ಳಿನ ದಿಕ್ಕಿಗೆ ಎಸೆದೆ. ಸೀಸ ತಳ ಮುಟ್ಟಿದ ಕೂಡಲೇ ದಾರದ ಸಡಿಲನ್ನು ಸುತ್ತಿಕೊಂಡು, ಕೋಲಿನ ತುದಿಯನ್ನು ಮೇಲಿಟ್ಟು ನೀರಿನ ಜೊತೆ ತಿರುಗಿಸುತ್ತಾ ಬಂದೆ. ಟಕ್. ಟಕ್. ಟಕ್. ಗುಂಡು ಒಂದು ಕಲ್ಲಿನಿಂದ ಇನ್ನೊಂದಕ್ಕೆ ತಾಗುತ್ತಾ ಹೋಗುವುದು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಎರಡು ಗಂಟೆಯ ದಿಕ್ಕು ದಾಟಿದ ಮೇಲೆ ದಾರ ಬಿಗಿಯಾಗಿ ಎರೆ ತಳ ಬಿಟ್ಟು ಮೇಲೇಳುತ್ತದೆ. ಅಲ್ಲಿಗೆ ಆ ಎಸೆತ ಮುಗಿಯಿತು, ಸುತ್ತಿಕೊಂಡು ಮತ್ತೆ ಎಸೆಯಬೇಕು. ಅಂದಿನಿಂದ ಇಂದಿನವರೆಗೆ ನನ್ನ ಕೆಲಸ ಇಷ್ಟೇ. ಎರಡು ಮೂರು ಸೆಕೆಂಡಿಗೊಮ್ಮೆ ಟಕ್ ಎನ್ನಬೇಕು. ಟಕ್ ಇಲ್ಲದೆ ಕೊಚ್ಚಿಕೊಂಡು ಹೋದರೆ ತೂಕ ಸಾಲದು, ಬಿಡದೆ ಎಳೆದಂತೆ ಅನ್ನಿಸಿದರೆ ಹೆಚ್ಚಾಯಿತು. ಒಂದೇ ದಿನ, ಒಂದೇ ಜಾಗದಲ್ಲಿ, ಹತ್ತು ಹೆಜ್ಜೆ ಆಚೆ ನಿಂತರೂ ಗುಂಡು ಬದಲಿಸುವುದಿದೆ. ಎರೆಯ ಬಣ್ಣ ಯಾವುದು, ದಾರ ಸುತ್ತುವ ರೀಲ್ ಯಾವ ಕಂಪನಿಯದು ಎಂದು ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು, ನಿಮ್ಮ ಚೀಲದಲ್ಲಿ ಎಷ್ಟು ಬಗೆಯ ಸೀಸವಿದೆ ಎಂದು.

ಉಳಿದ ಸರಂಜಾಮು ಹೆಚ್ಚಿಲ್ಲ. ಏಳು ಅಡಿಯ, ತುದಿ ಚುರುಕಾದ ಮಧ್ಯಮ ಬಿರುಸಿನ ಕೋಲು, 2500 ಅಳತೆಯ ಸ್ಪಿನ್ನಿಂಗ್ ರೀಲ್, ಅದಕ್ಕೆ 15 ಪೌಂಡ್ ತಾಳುವ ಹೆಣೆದ ದಾರ. ಹೆಣೆದ ದಾರ ಹಿಗ್ಗುವುದಿಲ್ಲ, ಹಾಗಾಗಿ ಟಕ್ ಕೈಗೆ ತಲುಪುತ್ತದೆ. ದಾರಕ್ಕೆ ಮೊಟ್ಟೆಯಾಕಾರದ ತೂತಿನ ಸೀಸ ಪೋಣಿಸಿ, ಗಂಟಿಗೆ ಪೆಟ್ಟಾಗದಂತೆ ಒಂದು ಪ್ಲಾಸ್ಟಿಕ್ ಮಣಿ, ಆಮೇಲೆ ಸ್ವಿವೆಲ್ ಎಂಬ ತಿರುಗುವ ಲೋಹದ ಕೊಂಡಿ. ಸ್ವಿವೆಲ್ಲಿನ ಆಚೆ ಬದಿಗೆ 8 ಪೌಂಡಿನ ನೈಲಾನ್ ದಾರ, ಅದರ ತುದಿಗೆ ತೇಲುವ ಜಿಗ್. ಜಿಗ್ ಎಂದರೆ ಬಣ್ಣ ಬಳಿದ ಬೆಂಡಿನ ತಲೆಯುಳ್ಳ ಕೊಕ್ಕೆ. ಅದಕ್ಕೆ ಎರಡು ಮೂರು ಇಂಚಿನ, ಬಾಲ ಸುರುಳಿಯಾದ ರಬ್ಬರ್ ಹುಳು ಸಿಕ್ಕಿಸುವುದು. ಸೀಸ ತಳದಲ್ಲಿ ನಡೆಯುತ್ತಿದ್ದರೆ ಹುಳು ಅದರ ಹಿಂದೆ ಕಲ್ಲಿಗಿಂತ ಒಂದು ಗೇಣು ಮೇಲೆ ಬಾಲ ಆಡಿಸುತ್ತಾ ಬರುತ್ತದೆ. ವಾಲ್‌ಐ ಹರಿವಿಗೆ ಮುಖಮಾಡಿ ತಳಕ್ಕೆ ಹತ್ತಿಕೊಂಡೇ ನಿಲ್ಲುವ ಮೀನು. ಬಾಯಿಯ ಮುಂದೆ ಬಂದದ್ದಕ್ಕೆ ಬಾಯಿ ಹಾಕುತ್ತದೆ. ಅದಕ್ಕಾಗಿ ಅಟ್ಟಿಸಿಕೊಂಡು ಹೋಗುವುದಿಲ್ಲ. ನೈಲಾನನ್ನು ಬೇಕೆಂದೇ ಬಡಕಲಾಗಿಟ್ಟಿರುವುದು, ಕಲ್ಲಿಗೆ ಸಿಕ್ಕಿದರೆ ಜಿಗ್ ಒಂದೇ ಹೋಗಲಿ, ಸೀಸವೂ ಸ್ವಿವೆಲ್ಲೂ ಉಳಿಯಲಿ ಎಂದು.

ಬಣ್ಣದ ಬಗ್ಗೆ ಒಂದು ಮಾತು. ಈ ಮೀನಿನ ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿದೆ, ಟಾರ್ಚ್ ಬಿಟ್ಟರೆ ದನದ ಕಣ್ಣು ಹೊಳೆದಂತೆ ಹೊಳೆಯುತ್ತದೆ. ಕಲಕಿದ ನೀರಿನಲ್ಲೂ ಮಬ್ಬಿನಲ್ಲೂ ಅದಕ್ಕೆ ಕಾಣುತ್ತದೆ. ಮಣ್ಣು ನೀರಿದ್ದಾಗ ನಿಂಬೆ ಹಸಿರು ಅಥವಾ ಕಿತ್ತಳೆ, ತಿಳಿಯಿದ್ದಾಗ ಬಿಳಿ. ಇದಕ್ಕಿಂತ ಹೆಚ್ಚು ಬಣ್ಣ ಇಟ್ಟುಕೊಂಡಿರುವವರು ಅಂಗಡಿಯವನಿಗೆ ಬೇಕಾದವರು.

ಕಚ್ಚುವುದು ಹೇಗಿರುತ್ತದೆ? ಬೆಂಡು ಮುಳುಗುವುದನ್ನು ಕಾದು ಕಲಿತ ನನಗೆ ಇದೇ ಕಷ್ಟವಾದದ್ದು. ಜಗ್ಗುವುದಿಲ್ಲ. ಟಕ್ ಟಕ್ ಎನ್ನುತ್ತಿದ್ದದ್ದು ನಿಲ್ಲುತ್ತದೆ, ಅಷ್ಟೇ. ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ಒಂದು ಭಾರ. ಎಲೆಯೋ ಕಲ್ಲೋ ಎಂದು ಯೋಚಿಸುವಷ್ಟರಲ್ಲಿ ಉಗುಳಿರುತ್ತದೆ. ಯೋಚಿಸದೆ ಮಣಿಕಟ್ಟಿನಿಂದ ಸಣ್ಣಗೆ ಎತ್ತಬೇಕು. ನೂರು ಸಲ ಕಲ್ಲನ್ನೇ ಎತ್ತಿ, ನೂರಾ ಒಂದನೆಯ ಸಲ ಕಲ್ಲು ತಲೆ ಕೊಡವಿತು. ನನ್ನ ಮೊದಲ ವಾಲ್‌ಐ ಹದಿನೇಳು ಇಂಚಿನ ಗಂಡು, ಬಂಗಾರದ ಮೈ, ಬಾಲದ ಕೆಳತುದಿಯಲ್ಲಿ ಸುಣ್ಣ ಹಚ್ಚಿದಂತೆ ಬಿಳಿ. ಖುಷಿಯಲ್ಲಿ ಬಾಯಿಗೆ ಬೆರಳು ಹಾಕಿದೆ. ಹಲ್ಲು ಸೂಜಿಯಂತಿವೆ, ಬೆನ್ನ ರೆಕ್ಕೆ ಮುಳ್ಳು. ಎರಡೂ ಅಂದೇ ಪರಿಚಯವಾದವು.

ಇನ್ನು ನೈಲಾನ್ ದಾರದ ಉದ್ದ. ಇದರ ಬಗ್ಗೆ ನದಿಯಲ್ಲಿ ನನಗೆ ಹಲವರ ಜೊತೆ ಜಗಳವಿದೆ. ಕೆಲವರು ನಾಲ್ಕು ಐದು ಅಡಿ ಕಟ್ಟುತ್ತಾರೆ. ಮೀನು ಒತ್ತಾಗಿ ನಿಂತ ಕಡೆ ಅಷ್ಟುದ್ದದ ದಾರ ಅಡ್ಡ ಹರಿದು, ಎಳೆದಾಗ ಕೊಕ್ಕೆ ಹೊಟ್ಟೆಗೋ ರೆಕ್ಕೆಗೋ ಚುಚ್ಚಿಕೊಳ್ಳುತ್ತದೆ. ಅದು ಕಚ್ಚಿದ್ದಲ್ಲ, ಗೀರಿದ್ದು. ಒಹಾಯೊದ ನಿಯಮದಂತೆ ಬಾಯಿಯ ಒಳಗೆ ಚುಚ್ಚಿಕೊಳ್ಳದ ಮೀನನ್ನು ಕೂಡಲೇ ಬಿಡಬೇಕು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಇಲ್ಲಿ ಒಂಟಿ ಕೊಕ್ಕೆ ಮಾತ್ರ, ಅದೂ ಕಡ್ಡಿಯಿಂದ ಮೊನೆಗೆ ಅರ್ಧ ಇಂಚು ಮೀರಬಾರದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಹಿಡಿಯಬಹುದು. ನಾನು ಹದಿನೆಂಟು ಇಂಚಿಗಿಂತ ಉದ್ದ ಕಟ್ಟುವುದಿಲ್ಲ. ಮೀನು ಕಡಿಮೆ ಸಿಗುತ್ತವೆ, ನಿಜ. ಸಿಕ್ಕಿದವು ಕಚ್ಚಿ ಸಿಕ್ಕಿದವು.

ನೀರಿಗೆ ಇಳಿಯುವ ಮೊದಲು ವಾಟರ್‌ವಿಲ್ ಊರಿನ ಮಾಪಕದಲ್ಲಿ ನದಿಯ ಮಟ್ಟ ಮೊಬೈಲಿನಲ್ಲೇ ನೋಡುತ್ತೇನೆ. ಮಳೆ ಬಂದ ಮರುದಿನ ಹೋಗುವುದಿಲ್ಲ. ಎರಡನೆಯ ವರ್ಷ ಈ ಬುದ್ಧಿ ಇರಲಿಲ್ಲ. ಬ್ಲೂಗ್ರಾಸ್ ದ್ವೀಪಕ್ಕೆ ಬೆಳಿಗ್ಗೆ ಮೊಣಕಾಲುದ್ದದ ನೀರು ದಾಟಿ ಹೋದವನು, ಮಧ್ಯಾಹ್ನ ವಾಪಸಾಗುವಾಗ ಅದೇ ಜಾಗದಲ್ಲಿ ತೊಡೆ ಮುಳುಗಿತ್ತು. ಪಾಚಿಯ ಕಲ್ಲಿಗೆ ಕಾಲು ಜಾರಿತು. ಎದೆಮಟ್ಟದ ರಬ್ಬರ್ ಉಡುಪಿನ ಮೇಲೆ ಸೊಂಟಪಟ್ಟಿ ಬಿಗಿದಿದ್ದರಿಂದ ಒಳಗೆ ನೀರು ತುಂಬಲಿಲ್ಲ, ಇಲ್ಲವಾದರೆ ಏಳಲಾಗುತ್ತಿರಲಿಲ್ಲ. ಕೈಬಲೆ, ಚೀಲ, ಬುತ್ತಿಯ ಅವಲಕ್ಕಿ ಎಲ್ಲ ಈರಿ ಸರೋವರಕ್ಕೆ ಹೋದವು. ಈಗ ಒಂದು ಊರುಗೋಲು ಬೆನ್ನಿಗೇ ಇರುತ್ತದೆ.

ಊರಿಗೆ ಫೋನು ಮಾಡಿ ಅಮ್ಮನಿಗೆ ಮೊದಲ ಮೀನಿನ ಫೋಟೋ ಕಳಿಸಿದೆ. ಅವಳ ಮೊದಲ ಪ್ರಶ್ನೆ, "ಬಸಿರು ಮೀನಲ್ಲ ತಾನೇ ಅದು?" ಎಂದು. ಅಲ್ಲ ಎಂದೆ, ಗಂಡು. ದಿನಕ್ಕೆ 6 ಮೀನು ಇಟ್ಟುಕೊಳ್ಳಲು ಅನುಮತಿಯಿದೆ, ಹೆಣ್ಣಾದರೂ ಕಾನೂನು ಕೇಳುವುದಿಲ್ಲ. ಅಮ್ಮ ಕೇಳುತ್ತಾಳೆ. ಹೊಟ್ಟೆ ಬಿಗಿದ ದೊಡ್ಡ ಹೆಣ್ಣು ಬಂದರೆ ನೀರಿನೊಳಗೇ ಕೊಕ್ಕೆ ಬಿಡಿಸಿ, ಹರಿವಿಗೆ ಮುಖಮಾಡಿ ಹಿಡಿದು, ಅದು ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯುತ್ತೇನೆ. ಗಂಡುಗಳು ಬೇಗ ಬಂದು ತಡವಾಗಿ ಹಿಂದಿರುಗುತ್ತವೆ, ಅಡಿಗೆಗೆ ಅವು ಸಾಕು.

ಮೊದಲ ಬಾರಿ ನಮ್ಮಲ್ಲಿಯ ಹುಳಿ ಸಾರು ಮಾಡಿದೆವು. ಮಾಂಸ ಮೆದು, ಹುಣಸೆ ನೀರಿನಲ್ಲಿ ಕುದಿದು ಎಳೆ ಎಳೆಯಾಗಿ ಬಿಟ್ಟುಕೊಂಡಿತು. ತಟ್ಟೆಯಲ್ಲಿ ಮೀನು ಹುಡುಕಬೇಕಾಯಿತು. ಈಗ ಚರ್ಮ ಸುಲಿದು, ಮಧ್ಯದ ಸಣ್ಣ ಮುಳ್ಳುಸಾಲು ಕತ್ತರಿಸಿ ತೆಗೆದು, ಖಾರ, ಉಪ್ಪು, ನಿಂಬೆಹುಳಿ ಹಚ್ಚಿ ಅರ್ಧ ಗಂಟೆ ಇಟ್ಟು, ರವೆ ಒತ್ತಿ ಕಾವಲಿಯ ಮೇಲೆ ಹುರಿಯುತ್ತೇವೆ. ತಲೆ ಎಸೆಯುವ ಮೊದಲು ಕಣ್ಣಿನ ಕೆಳಗೆ ಚಾಕುವಿನ ಮೊನೆ ಇಟ್ಟು ತಿರುಗಿಸಿದರೆ ರೂಪಾಯಿ ನಾಣ್ಯದಷ್ಟು ಕೆನ್ನೆಯ ತುಂಡು ಕಳಚಿ ಬರುತ್ತದೆ. ಒಂದು ಮೀನಿಗೆ ಎರಡೇ. ಅವು ಕಾವಲಿಯಿಂದ ತಟ್ಟೆಗೆ ಬರುವುದನ್ನು ನಾನು ಇದುವರೆಗೆ ನೋಡಿಲ್ಲ, ಮಗಳು ಒಲೆಯ ಪಕ್ಕದಲ್ಲೇ ನಿಂತಿರುತ್ತಾಳೆ.