ತೊಳೆದ ನೀರನ್ನೇ ನಿಕ್ಕಲ್ ಟ್ಯಾಂಕಿಗೆ ವಾಪಸ್ ಸುರಿದೆ

ನನ್ನದು ಬಾಗಿಲ ಹಿಡಿಕೆಗಳಿಗೆ ಕರೆಂಟಿನಿಂದ ನಿಕ್ಕಲ್ ಲೇಪಿಸೋ, ಅಂದರೆ ಪ್ಲೇಟಿಂಗ್ ಮಾಡೋ ಶೆಡ್ಡು. ಹಿಡಿಕೆ ನೇತುಹಾಕೋ ಚೌಕಟ್ಟನ್ನ (ಜಿಗ್) ತೊಳೆಯೋಕೆ ಅದ್ದಿ ತೆಗೆದ ಹಸಿರು ನೀರನ್ನ ವಾಪಸ್ ನಿಕ್ಕಲ್ ಟ್ಯಾಂಕಿಗೇ ಹಾಕ್ತೀನಿ ಅಂದಾಗ ಪಕ್ಕದ ಶೆಡ್ಡಿನ ಯಜಮಾನರು ನಕ್ಕುಬಿಟ್ಟರು. "ಏನಪ್ಪಾ, ಕೈ ತೊಳೆದ ನೀರಲ್ಲೇ ಸಾರು ಮಾಡ್ತೀಯಾ?" ಪೀಣ್ಯದಲ್ಲಿ ಮೂವತ್ತು ವರ್ಷ ಪ್ಲೇಟಿಂಗ್ ಮಾಡಿದವರು, ನಾನು ಸುಮ್ಮನಿದ್ದೆ. ಈಗ ಹದಿನಾಲ್ಕು ತಿಂಗಳಿಂದ ಅದೇ ಬಾತ್ (ಟ್ಯಾಂಕಿನ ನಿಕ್ಕಲ್ ದ್ರಾವಣ) ಓಡುತ್ತಿದೆ. ಹೋದ ವಾರ ಅವರ ಹುಡುಗನೇ ಬಂದು ನನ್ನ ಪೈಪ್‌ಲೈನಿನ ಫೋಟೋ ತೆಗೆದುಕೊಂಡು ಹೋದ.

ಈ ಹುಳ ತಲೆಗೆ ಹೊಕ್ಕಿದ್ದು 2022ರ ಮಾರ್ಚಿನಲ್ಲಿ. ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ನಿಕ್ಕಲ್ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ಕೊನೆಗೆ ವ್ಯಾಪಾರವನ್ನೇ ನಿಲ್ಲಿಸಿದರಲ್ಲ, ಆ ವಾರ ನಮಗೆ ಆನೋಡ್ (ಟ್ಯಾಂಕಿನಲ್ಲಿ ಕರಗುತ್ತಾ ಹೋಗೋ ನಿಕ್ಕಲ್ ತುಂಡು) ಕೊಡುವವರು ಫೋನೇ ಎತ್ತಲಿಲ್ಲ. ಆಗ ಕೂತು ಲೆಕ್ಕ ಹಾಕಿದೆ. ನನ್ನದು 800 ಲೀಟರ್ ಟ್ಯಾಂಕ್, ನಿಕ್ಕಲ್ ಸಲ್ಫೇಟ್ ಮುಖ್ಯವಾಗಿರೋ ಮಾಮೂಲಿ ವಾಟ್ಸ್ ಬಾತ್, 55 ಡಿಗ್ರಿ. ಜಿಗ್ಗಿಗೆ ಅಂಟಿಕೊಂಡು ದಿನಕ್ಕೆ ಏಳು ಲೀಟರ್ ಆಚೆ ಹೋಗುತ್ತಿತ್ತು, ಲೀಟರಿಗೆ ಹತ್ತಿರ ಹತ್ತಿರ 300 ಗ್ರಾಂ ಸಲ್ಫೇಟ್! ದುಡ್ಡು ಕೊಟ್ಟು ತಂದಿದ್ದನ್ನ ಇಟಿಪಿಗೆ, ಅಂದರೆ ಕೊಳಕು ನೀರು ಶುದ್ಧ ಮಾಡೋ ಘಟಕಕ್ಕೆ ಬಿಟ್ಟು, ಅದರ ಕೆಸರು ಸಾಗಿಸೋಕೆ ಮತ್ತೆ ದುಡ್ಡು. ಇನ್ನೊಂದು ಕಡೆ ಬಿಸಿಗೆ ದಿನಾ 35 ಲೀಟರ್ ಆವಿಯಾಗುತ್ತಿತ್ತು, ಅಲ್ಲಿಗೆ ಬೋರ್‌ವೆಲ್ ನೀರು ಸುರಿಯುತ್ತಿದ್ದೆವು. ಮೊದಲ ರಿನ್ಸ್ (ತೊಳೆಯೋ) ಟ್ಯಾಂಕಿನ ಹರಿವು ನಿಲ್ಲಿಸಿ ಆ ನೀರನ್ನೇ ತುಂಬಿದರೆ ಆಯ್ತಲ್ವಾ?

ಎರಡು ತಿಂಗಳು ಚೆನ್ನಾಗೇ ನಡೆಯಿತು. ಆಮೇಲೆ ಬಾಗಿಲ ಹಿಡಿಕೆಗಳು ಉಪ್ಪುಕಾಗದದ ಹಾಗೆ ಒರಟಾಗಿ ಬರತೊಡಗಿದವು. 600 ಪೀಸ್ ವಾಪಸ್. ಹಳೇ ಲೇಪ ಕೀಳೋ ಸ್ಟ್ರಿಪ್ಪಿಂಗ್, ಪಾಲಿಶ್, ಮತ್ತೆ ಪ್ಲೇಟಿಂಗ್ ಅಂತ ಐವತ್ತೈದು ಸಾವಿರ ಹೋಯಿತು. ಆನೋಡಿಗೆ ಹಾಕೋ ಬಟ್ಟೆಚೀಲ ಬದಲಿಸಿದೆ, ಕೊಳೆ ಹೀರೋಕೆ ಕಾರ್ಬನ್ ಹಾಕಿದೆ, ಫಿಲ್ಟರಿನ ಕಾರ್ಟ್ರಿಜ್ ಬದಲಿಸಿದೆ, ಏನೂ ಆಗಲಿಲ್ಲ. ಒಂದು ರಾತ್ರಿ ಹಿಡಿಕೆಯನ್ನ ತಿರುಗಿಸಿ ನೋಡಿದರೆ ಮೇಲ್ಮುಖ ಮಾತ್ರ ಒರಟು, ಕೆಳಗಡೆ ಕನ್ನಡಿ. ಅರ್ಜೆಂಟ್ ಆರ್ಡರ್ ಅಂತ ಬಾತಿನ ಬಿಸಿ 62ಕ್ಕೆ ಏರಿಸಿದ ದಿನವಂತೂ ಇನ್ನೂ ಜಾಸ್ತಿ. ಅಂದರೆ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಲ್ಫೇಟ್ ಬಿಸಿ ಹೆಚ್ಚಾದಷ್ಟೂ ಕಮ್ಮಿ ಕರಗುತ್ತದೆ, ಸೂಜಿ ಸೂಜಿಯಾಗಿ ಕೂರುತ್ತದೆ. ಮೊದಲು ಅದೂ ತೊಳೆದ ನೀರಿನ ಜೊತೆ ಆಚೆ ಹೋಗುತ್ತಿತ್ತು, ದಾರಿ ಮುಚ್ಚಿದವನು ನಾನೇ. ಯಜಮಾನರ ಮಾತು ಅರ್ಧ ನಿಜ ಅಂತ ಒಪ್ಪಿಕೊಳ್ಳಬೇಕು. ಒಂದು ಭಾನುವಾರ ಬಾತನ್ನ 70ಕ್ಕೆ ಕಾಯಿಸಿ ಬಿಸಿಯಲ್ಲೇ ಫಿಲ್ಟರ್ ಮಾಡಿದೆ. ಆಮೇಲೆ 45 ಸಾವಿರ ಕೊಟ್ಟು ಆರ್‌ಒ ಹಾಕಿಸಿದೆ. ಬೋರ್‌ವೆಲ್ ನೀರು ಈಗ ಕೊನೆಯ ರಿನ್ಸಿಗೆ ಮಾತ್ರ.

ಮುಂದಿನ ತೊಂದರೆ ಬಾತಿಗೆ ಸೇರಿದ ತಾಮ್ರ. ಹಿಡಿಕೆಯ ಸಂದಿಗಳು ಕಪ್ಪಾಗತೊಡಗಿದವು, ಬಾತ್ ಪರೀಕ್ಷಿಸೋ ಪುಟ್ಟ ಡಬ್ಬಿ ಹಲ್ ಸೆಲ್ಲಿನಲ್ಲೂ ಅದೇ. ಮೇಲೆ ಕರೆಂಟ್ ಹರಿಸೋ ತಾಮ್ರದ ಪಟ್ಟಿಯಿಂದ (ಬಸ್‌ಬಾರ್) ಹಸಿರು ತುಕ್ಕು ತೊಟ್ಟಿಕ್ಕುತ್ತಿತ್ತು, ನೋಡಿಯೂ ನೋಡದ ಹಾಗಿದ್ದೆವು. ಬಾರ್ ಒರೆಸಿ, ಮಡಿಕೆ ಮಡಿಕೆ ಶೀಟಿನಲ್ಲಿ ರಾತ್ರಿಯೆಲ್ಲ ಡಮ್ಮಿ ಓಡಿಸಿದೆ, ಅಂದರೆ ಪೀಸಿನ ಬದಲು ಆ ಶೀಟಿನ ಮೇಲೆ ತಾಮ್ರ ಕೂರಿಸಿ ತೆಗೆದೆ, ಕರೆಂಟ್ ಚದರ ಡೆಸಿಮೀಟರಿಗೆ ಬರೀ 0.3 ಆಂಪ್. ಈಗ ವಾರಕ್ಕೊಂದು ರಾತ್ರಿ ತಪ್ಪಿಸಲ್ಲ. ಮಡಿಕೆಯ ಅಳತೆ ಮಾತ್ರ ಕೇಳಬೇಡಿ, ಅದಕ್ಕೆ ಮೂರು ಶೀಟ್ ಹಾಳು ಮಾಡಿದ್ದೇನೆ.

ಡಮ್ಮಿ ಓಡುವಾಗ ರಾತ್ರಿ ಮಾಡೋಕೆ ಕೆಲಸ ಇರಲ್ಲ. ಆನೋಡ್ ಚೂರಿಗೆ ಮ್ಯಾಗ್ನೆಟ್ ಅಂಟುತ್ತದೆ, ಗೊತ್ತಲ್ಲ. ಅದನ್ನ ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕಾಯಿಸಿದೆ. 355 ಡಿಗ್ರಿ ಸುಮಾರಿಗೆ ಅಂಟೋದು ನಿಂತು, ಆರಿದ ಮೇಲೆ ಮತ್ತೆ ಅಂಟಿತು. ನಮ್ಮಮ್ಮನ ಸ್ಟೀಲ್ ಚೊಂಬಿಗೆ ಹಿಡಿದರೆ ಅಂಟಲೇ ಇಲ್ಲ, 304 ಅನ್ನೋ ಜಾತಿಯ ಸ್ಟೀಲ್ ಇರಬೇಕು. ನಿಕ್ಕಲ್ಲೂ ಅಂಟುತ್ತದೆ, ಕಬ್ಬಿಣವೂ ಅಂಟುತ್ತದೆ, ಕ್ರೋಮ್ ಜೊತೆ ಎಂಟು ಪರ್ಸೆಂಟ್ ನಿಕ್ಕಲ್ ಸೇರಿದ ಸ್ಟೀಲ್ ಅಂಟಲ್ಲ! ಹುಡುಗರಿಗೆ ತೋರಿಸಿ ಒಂದು ಕಾಫಿ ಬೆಟ್ ಗೆದ್ದೆ.

ಒಂದು ತಪ್ಪು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಮೊದಮೊದಲು ತೊಳೆದ ನೀರನ್ನ ಬಕೆಟ್ಟಿನಲ್ಲಿ ಎತ್ತಿ ಸುರಿಯುತ್ತಿದ್ದೆವು. ನಮ್ಮ ಹುಡುಗನೊಬ್ಬನ ಮಣಿಕಟ್ಟಿಗೆಲ್ಲ ನಿಕ್ಕಲ್ ತುರಿಕೆ ಬಂತು. ಆ ಅಲರ್ಜಿ ಒಮ್ಮೆ ಬಂದರೆ ಹೋಗಲ್ಲ, ಈಗ ಅವನು ವಾಚಿನ ಸ್ಟೀಲ್ ಪಟ್ಟಿ ಕೂಡ ಕಟ್ಟಲ್ಲ. ಅವನನ್ನ ಪ್ಯಾಕಿಂಗಿಗೆ ಹಾಕಿ ಎರಡೂವರೆ ಸಾವಿರದ ಪಂಪ್ ತಂದೆ. ಮೊದಲೇ ತರಬೇಕಿತ್ತು.

ತಿಂಗಳಿಗೆ 25 ಕೆಜಿಯ ಎರಡು ಚೀಲ ಸಲ್ಫೇಟ್ ಬೇಕಾಗುತ್ತಿತ್ತು, ಈಗ ಒಂದು ಚೀಲ ಒಂದೂವರೆ ತಿಂಗಳು ಬರುತ್ತದೆ. ಕೆಜಿಗೆ ನಾನೂರು ಅಂದರೂ ತಿಂಗಳಿಗೆ ಹದಿಮೂರು ಸಾವಿರ ಉಳಿತಾಯ. ನಾಲ್ಕು ತಿಂಗಳಲ್ಲಿ ಆರ್‌ಒ ದುಡ್ಡು ವಾಪಸ್ ಬಂತು. ಆನೋಡ್ ಖರ್ಚೇನೂ ಇಳಿದಿಲ್ಲ, ಅದು ಪೀಸಿನ ಮೇಲೇ ಹೋಗುತ್ತದಲ್ಲ. ತೊಳೆದ ನೀರಿನ ಜೊತೆ ಹೊಳಪು ಕೊಡೋ ಬ್ರೈಟ್ನರ್ ಕೂಡ ವಾಪಸ್ ಬರುವುದರಿಂದ ಹಳೇ ಆಂಪಿಯರ್-ಅವರ್ (ಓಡಿಸಿದ ಕರೆಂಟಿನ) ಲೆಕ್ಕದಲ್ಲಿ ಹಾಕಿದರೆ ಕೋಟಿಂಗ್ ಪೆಡಸಾಗಿ ಬಿರುಕು ಬಿಡುತ್ತದೆ. ಎಷ್ಟು ಕಡಿಮೆ ಮಾಡಬೇಕು ಅಂತ ಬ್ರೈಟ್ನರ್ ಕ್ಯಾನಿನ ಮೇಲೆ ಬರೆದಿಟ್ಟಿದ್ದೇನೆ. ಯಜಮಾನರ ಹುಡುಗ ಫೋಟೋ ತೆಗೆಯೋಕೆ ಬರುವ ಮೊದಲು ಅದರ ಮೇಲೊಂದು ಗೋಣಿಚೀಲ ಹೊದಿಸಿದ್ದೆ.