ಎತ್ತಿಸಿದ ಜಿಪ್ಸಿ ಹೈವೇದಾಗ ನೆಟ್ಟಗ ಓಡಬೇಕಂದ್ರ

ಬೆಳಗಾವಿ ಉದ್ಯಮಬಾಗದಾಗ ನಂದೊಂದು ಸಣ್ಣ ಲೇಥ್ ಅಂಗಡಿ ಐತಿ. ಹೈಡ್ರಾಲಿಕ್ ಪಾರ್ಟ್ ಮಾಡೋದು ಹೊಟ್ಟಿಪಾಡಿಗೆ, ಮಾರುತಿ ಜಿಪ್ಸಿ ಮತ್ತ ಹಳೇ ಜೀಪಿನ ಪಿನ್ನು-ಬುಶ್ ಮಾಡೋದು ಹುಚ್ಚಿಗೆ. ಜಾಂಬೋಟಿ, ಕಣಕುಂಬಿ ಕಡೆ ಹೊಲ-ತೋಟ ಇದ್ದವರು ಮಳಿಗಾಲದ ರಾಡಿ ದಾಟಾಕಂತ ಗಾಡಿ ಎತ್ತಿಸಿರತಾರ, ಅಂದ್ರ ಗಾಡಿ ಮೈ ನೆಲದಿಂದ ಇನ್ನೂ ಮ್ಯಾಲ ಇರೋ ಹಂಗ ಮಾಡಿಸಿರತಾರ. ರಾಡಿಯೊಳಗ ಏನೂ ತಕರಾರಿಲ್ಲ. ಅದ ಗಾಡಿ ಎನ್ಎಚ್ 48ಕ್ಕ ಹತ್ತಿ ವೇಗ 70 ದಾಟಿತಂದ್ರ ಲೇನಿನ್ಯಾಗ ನಿಲ್ಲಂಗಿಲ್ಲ. ಬಾಜೂಕ ಒಂದು ಕಂಟೇನರ್ ಲಾರಿ ಹೋದ್ರ ಸಾಕು, ಸ್ಟೇರಿಂಗ್ ಎರಡೂ ಕೈಲೆ ಹಿಡಕೋಬೇಕು. "ದುಬಾರಿ ಶಾಕ್ ಅಬ್ಸಾರ್ಬರ್ ಹಾಕ್ಸೀನ್ರಿ, ಆದ್ರೂ ಹಿಂಗ" ಅಂತ ಬರತಾರ.

ನನ್ನ ಲೆಕ್ಕದಾಗ ಶಾಕ್ ಕಡೀ ಕೆಲಸ. ಮೊದಲ ಸಡಿಲ ಆಗಿದ್ದು ಹುಡುಕ್ರಿ, ಆಮ್ಯಾಲ ಕೋನ ಸರಿ ಮಾಡ್ರಿ. ಅರ್ಧಕ್ಕರ್ಧ ಗಾಡಿ ಅಲ್ಲೇ ಸುಧಾರಿಸ್ತಾವು, ಖರ್ಚೂ ಭಾಳ ಬರಂಗಿಲ್ಲ.

ಶುರು ಮಾಡೋದು ಹವಾದಿಂದ. ಕೆಸರಿನಾಗ 16-18 ಪಿಎಸ್ಐಗೆ ಇಳಿಸಿದ್ದನ್ನ ಡಾಂಬರಿಗೆ ಬಂದ ಮ್ಯಾಲ ತುಂಬಸೋದು ಎಷ್ಟೋ ಮಂದಿಗೆ ನೆನಪೇ ಇರಂಗಿಲ್ಲ. ದೊಡ್ಡ ಟಯರಿಗೆ ಎಷ್ಟು ಹವಾ ಬೇಕು ಅನ್ನೋದನ್ನ ಖಡು (ಸೀಮೆಸುಣ್ಣ) ಹೇಳತೈತಿ. ಟಯರಿನ ನೆಲಕ್ಕ ತಾಗೋ ಮೈಮ್ಯಾಲ ಅಡ್ಡಕ್ಕ ದಪ್ಪ ಗೆರಿ ಎಳೀರಿ, ನೆಟ್ಟನ ರಸ್ತೆದಾಗ ಸ್ವಲ್ಪ ದೂರ ಓಡಿಸಿ ನೋಡ್ರಿ. ನಡುವಷ್ಟೇ ಅಳಿಸಿದ್ರ ಹವಾ ಜಾಸ್ತಿ, ಅಂಚಷ್ಟೇ ಅಳಿಸಿದ್ರ ಕಡಿಮಿ. ಇನ್ನೊಂದು ಮಾತು. ಜಿಪ್ಸಿಯ ಮೂಲ 205/70 ಆರ್15 ತಗದು 235/75 ಆರ್15 ಹಾಕಿದ್ರ ಗಾಲಿ ಎತ್ತರ ಸುಮಾರು 65 ಮಿ.ಮೀ. ಹೆಚ್ಚಾಗತೈತಿ. ಮೀಟರ್ 80 ತೋರಿಸಿದಾಗ ಗಾಡಿ ಹತ್ತಿರ ಹತ್ತಿರ 88ರಾಗ ಓಡತಿರತೈತಿ. "80ಕ್ಕ ನಡಗತೈತ್ರಿ" ಅನ್ನೋರು ಇದನ್ನೂ ಲೆಕ್ಕಕ್ಕ ಹಿಡೀಬೇಕು.

ಇನ್ನ ಸಡಿಲ ಹುಡುಕೋದು. ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಗಾಲಿಯನ್ನ ಮ್ಯಾಲೊಂದು ಕೆಳಗೊಂದು ಕೈ ಹಿಡದು ಅಳ್ಳಾಡಸ್ರಿ. ಆಟ (ಸಡಿಲಾಗಿ ಅಳ್ಳಾಡೋದು) ಕಂಡ್ರ ಒಬ್ಬರನ್ನ ಕೂರಿಸಿ ಬ್ರೇಕ್ ಒತ್ತಸ್ರಿ. ಒತ್ತಿದಾಗ ಆಟ ಹೋತಂದ್ರ ವೀಲ್ ಬೇರಿಂಗ್, ಆದ್ರೂ ಉಳೀತಂದ್ರ ಕಿಂಗ್‌ಪಿನ್ ಬೇರಿಂಗ್ (ಗಾಲಿ ಎಡಕ್ಕ-ಬಲಕ್ಕ ತಿರುಗೋ ಪಿನ್ನಿಂದು). ಎಡಕ್ಕ-ಬಲಕ್ಕ ಹಿಡದು ಅಳ್ಳಾಡಿಸಿದ್ರ ಟೈ ರಾಡ್ (ಎರಡೂ ಮುಂದಿನ ಗಾಲಿ ಜೋಡಿಸೋ ಸರಳು) ಎಂಡ್ ತನ್ನ ಬಣ್ಣ ತೋರಸತೈತಿ. ಆಮ್ಯಾಲ ಗಾಡಿ ನೆಲಕ್ಕ ಇಳಿಸಿ, ಒಬ್ಬರು ಸ್ಟೇರಿಂಗ್ ಸ್ವಲ್ಪ ಸ್ವಲ್ಪ ಅತ್ಲಾಗ ಇತ್ಲಾಗ ತಿರುವಲಿ, ನೀವು ಕೆಳಗ ಮಲಗಿ ಒಂದೊಂದ ಜಾಯಿಂಟಿಗೆ ಬೆರಳ ಇಟ್ಟು ನೋಡ್ರಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗತೈತಿ. ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿ ಮಾಡೋದೊಂದೇ ಉಪಾಯ ಅಂತ ತಿಳಕೊಂಡವರು ಅದನ್ನ ಭಾಳ ಬಿಗಿ ಮಾಡತಾರ. ಆಗ ತಿರುವಿನಿಂದ ಸ್ಟೇರಿಂಗ್ ವಾಪಸ್ ಬರೋದ ನಿಂತುಬಿಡತೈತಿ.

ಪಾಟಾದ (ಲೀಫ್ ಸ್ಪ್ರಿಂಗಿನ) ಬುಶ್ ಹೊಸದು ಹಾಕಿದ್ರ ಒಂದು ಎಚ್ಚರಿಕಿ. ರಬ್ಬರ್ ಬುಶ್ ಇದ್ರ ಶಾಕಲ್ (ಪಾಟಾದ ತುದಿಯನ್ನ ಚಾಸಿಗೆ ಜೋಡಿಸೋ ಕೊಂಡಿ) ಬೋಲ್ಟನ್ನ ಪೂರ್ತಿ ಬಿಗಿ ಮಾಡೋದು ಗಾಡಿ ತನ್ನ ಗಾಲಿ ಮ್ಯಾಲ ನಿಂತಾಗಷ್ಟೇ. ಜಾಕ್ ಮ್ಯಾಲಿದ್ದಾಗ ಪಾಟಾ ಜೋತು ಬಿದ್ದಿರತಾವು. ಆಗ ಬಿಗಿದ್ರ ಕೆಳಗ ಇಳಿಸಿದ ಕೂಡಲೇ ರಬ್ಬರ್ ತಿರಿಚಿಕೊಂಡು ಬೇಗ ಹರಿತೈತಿ.

ಈಗ ಕೋನ. ನನಗ ಭಾಳ ಕೆಲಸ ಬರೋದು ಇಲ್ಲಿಂದನ. ಉದ್ದನ ಶಾಕಲ್ ಹಾಕಿ ಮುಂದಿನದನ್ನ ಎತ್ತೋದು ಸೋವಿ, ಅದಕ್ಕ ಎಲ್ಲಾರೂ ಅದನ್ನ ಮಾಡತಾರ. ಆದ್ರ ಜಿಪ್ಸಿಯೊಳಗ ಮುಂದಿನ ಪಾಟಾದ ಶಾಕಲ್ ಮುಂದಿನ ತುದಿಗೆ ಐತಿ. ಅದು ಉದ್ದ ಆದ್ರ ಪಾಟಾದ ಮೂತಿ ಕೆಳಗ ಹೋಗಿ, ಆಕ್ಸಲ್ ಮುಂದಕ್ಕ ಹೊರಳಿ, ಕಾಸ್ಟರ್ ಕಡಿಮಿ ಆಗತೈತಿ. ಕಾಸ್ಟರ್ ಅಂದ್ರ ಕಿಂಗ್‌ಪಿನ್ನಿನ ತಲಿ ಹಿಂದಕ್ಕ ಎಷ್ಟು ವಾಲೇತಿ ಅನ್ನೋದು. 3 ಡಿಗ್ರಿ ಆಸುಪಾಸು ಇದ್ರ ತಿರುವು ಮುಗಿದ ಮ್ಯಾಲ ಸ್ಟೇರಿಂಗ್ ತಾನಾಗಿ ನೆಟ್ಟಗ ಬರತೈತಿ. ಸೊನ್ನಿ ಹತ್ತಿರ ಬಂದ್ರ ಗಾಡಿ ಅಡ್ಡಾಡಾಕ ಶುರು.

ಇದಕ್ಕ ಔಷಧ ಪಾಟಾ ಮತ್ತ ಆಕ್ಸಲ್ ನಡುವ ಕೂರೋ ಇಳಿಜಾರಿನ ಲೋಹದ ಬಿಲ್ಲೆ, ನಮ್ಮ ಕಡೆ ವೆಜ್ ಅಂತಾರ. ಉಕ್ಕಿಂದ ಮಾಡಸ್ರಿ. ಅಲ್ಯುಮಿನಿಯಂ ಸೋವಿ, ಆದ್ರ ಹೊಡತಕ್ಕ ಸೀಳತೈತಿ. ಈಗಿನ ಕೋನ ಮೊದಲ ಅಳೀರಿ, ಎಷ್ಟು ಕಡಿಮಿ ಐತೋ ಅಷ್ಟಕ್ಕ ಬಿಲ್ಲೆ, ಎರಡೂ ಕಡೆ ಒಂದ ಅಳತಿ. ಸೆಂಟರ್ ಬೋಲ್ಟ್ ಉದ್ದಂದು ಬೇಕಾಗತೈತಿ. ಕಾಸ್ಟರ್ ಹೆಚ್ಚು ಮಾಡಿದಂಗ ಡಿಫರೆನ್ಶಿಯಲ್ (ಆಕ್ಸಲ್ಲಿನ ಗೇರ್ ಡಬ್ಬಿ) ಮೂತಿ ಕೆಳಗ ಹೋಗತೈತಿ, ಅದಕ್ಕ ಶಕ್ತಿ ಒಯ್ಯೋ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗತೈತಿ. ಅದಕ್ಕ ಆಸೆಗೆ ಬಿದ್ದು 6 ಡಿಗ್ರಿ ಬಿಲ್ಲೆ ಕೇಳಬ್ಯಾಡ್ರಿ, ನಾ ಮಾಡಿ ಕೊಡಂಗಿಲ್ಲ.

ತಗ್ಗು ಬಿದ್ದಾಗ ಸ್ಟೇರಿಂಗ್ ತಾನ ಜಗ್ಗತೈತಿ ಅಂದ್ರ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್ ಕಡೆಯಿಂದ ಗಾಲಿ ಕಡೆ ಹೋಗೋ ಸರಳು) ನೋಡ್ರಿ. ಗಾಡಿ ಎತ್ತಿದಷ್ಟೂ ಅದು ಓರೆ ಆಗತೈತಿ. ಅದು ಆದಷ್ಟು ಸಪಾಟ ಇರಬೇಕು. ಕೆಳಗ ಇಳಿಸಿದ ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕ್ ಜಗ್ಗೋ ತೋಳು) ತಯಾರ ಸಿಗತೈತಿ. ಇದ್ದದ್ದನ್ನ ಕಾಸಿ ಬಗ್ಗಸೋದು, ವೆಲ್ಡ್ ಮಾಡೋದು ಮಾತ್ರ ಯಾರು ಹೇಳಿದ್ರೂ ಬ್ಯಾಡ. ಸ್ಟೇರಿಂಗಿನ ಪಾರ್ಟಿಗೆ ಬೆಂಕಿ ಹಚ್ಚೋ ಗ್ಯಾರೇಜಿನಿಂದ ಗಾಡಿ ತಿರುಗಿಸಿಕೊಂಡು ಬರ್ರಿ.

ಟೋ-ಇನ್, ಅಂದ್ರ ಮುಂದಿನ ಗಾಲಿಗಳ ಮುಂದಿನ ಅಂಚು ಎಷ್ಟು ಒಳಕ್ಕ ಹೊರಳೇತಿ ಅನ್ನೋದನ್ನ, ಮನಿಯಾಗ ನೋಡಬಹುದು. ಎರಡೂ ಮುಂದಿನ ಟಯರಿನ ನಡುವ ಖಡು ಗೆರಿ ಹಾಕಿ, ಗೆರಿಯಿಂದ ಗೆರಿಗೆ ಮುಂದಿನ ಅಂತರ, ಹಿಂದಿನ ಅಂತರ ಟೇಪಿನಿಂದ ಅಳೀರಿ. ಮುಂದಿಂದು 2-4 ಮಿ.ಮೀ. ಕಡಿಮಿ ಇದ್ರ ನಡೀತೈತಿ.

ಇಷ್ಟಾದ ಮ್ಯಾಲ ಶಾಕ್. ಎತ್ತಿದ ಗಾಡಿಗೆ ಹಳೇ ಶಾಕಿನ ಉದ್ದ ಸಾಲಂಗಿಲ್ಲ. ಗಾಡಿ ನಿಂತಾಗ ರಾಡ್ ಹೆಚ್ಚೂ ಕಡಿಮಿ ಅರ್ಧ ಹೊರಗಿರಬೇಕು, ಹಂಗಿದ್ರ ಮ್ಯಾಲಕ್ಕೂ ಕೆಳಗೂ ಜಾಗ ಸಿಗತೈತಿ. ಅದ ಹೊತ್ತಿನ್ಯಾಗ ಬ್ರೇಕ್ ಹೋಸ್ ನೋಡ್ರಿ: ಆಕ್ಸಲ್ ಪೂರ್ತಿ ಜೋತು ಬಿದ್ದಾಗ ಹೋಸ್ ಬಿಗಿ ಆಗಬಾರದು. ತಿರುವಿನಾಗ ವಾಲತೈತಿ ಅಂತ ಹೆಚ್ಚಿನ ಪಾಟಾ ಸೇರಿಸಿದ್ರ ಗಾಡಿ ಬರೇ ಜಿಗೀತೈತಿ, ಟಯರು ರಸ್ತೆ ಬಿಡತೈತಿ. ಅದರ ಬದಲಿ ತಲಿ ಮ್ಯಾಲಿನ ಕ್ಯಾರಿಯರ್, ಜೆರ್ರಿ ಕ್ಯಾನ್, ಎರಡನೇ ಸ್ಟೆಪ್ನಿ ಇಳಸ್ರಿ. ನಾಲ್ಕು ಇಂಚು ಎತ್ತಿಸಿದವರು ಎರಡಕ್ಕ ಬಂದ್ರ ಇನ್ನೂ ಚಲೋ. ಕಣಕುಂಬಿ ರಾಡಿಗೆ ಎರಡು ಇಂಚು, ಚಲೋ ಟಯರು ಸಾಕು ಅನ್ನೋದು ನನ್ನ ಮತ.

ಕಾಯ್ದೆದ ಮಾತು: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯೊಳಗಿನ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬ್ಯಾರೆ ಆಗೋ ಹಂಗ ಗಾಡಿ ಬದಲಿ ಮಾಡಂಗಿಲ್ಲ. ಅಪಘಾತ ಆದ್ರ ವಿಮೆಯವರು ಮೊದಲ ಕೇಳೋದು ಇದನ್ನ.

ಯು-ಬೋಲ್ಟ್ (ಪಾಟಾವನ್ನ ಆಕ್ಸಲ್ಲಿಗೆ ಬಿಗಿಯೋವು) ಬಿಚ್ಚಿದ್ರ ಹಳೇವು ತಿರುಗಿ ಹಾಕಬ್ಯಾಡ್ರಿ, ಅವು ಒಮ್ಮೆ ಜಗ್ಗಿರತಾವು. ಹೊಸಾವನ್ನ ಟಾರ್ಕ್ ಪಾನಾದಿಂದ ಒಂದು ಮೂಲಿಯಿಂದ ಎದುರು ಮೂಲಿಗೆ ಸರತಿಯಂತೆ ಬಿಗೀರಿ. ವಂಟಮುರಿ ಘಾಟಿನ ತನಕ ಹೋಗಿ ಬಂದು, ಗಾಡಿ ತಣ್ಣಗಾದ ಮ್ಯಾಲ ಮತ್ತೊಮ್ಮೆ ಬಿಗೀರಿ. ಬಿಲ್ಲೆ ಕೂತ ಗಾಡಿಯೊಳಗ ನಟ್ಟು ಸ್ವಲ್ಪರೆ ತಿರುಗೇ ತಿರುಗತೈತಿ.