ಸುಳಿ ಎದ್ದರೆ ಕಲೆಯಿತು ಅಂತಲ್ಲ

ನಾನು ಮೊದಲ ಸಲ ಒಬ್ಬನೇ ನಿಂತು ಚಾಲೂ ಮಾಡಿದ ಅಜಿಟೇಟರ್, ಅಂದರೆ ಟ್ಯಾಂಕಿನೊಳಗೆ ತಿರುಗಿ ಕಲೆಸುವ ಯಂತ್ರ, ನೋಡಲು ಭರ್ಜರಿಯಾಗಿತ್ತು. 2 ಮೀಟರ್ ವ್ಯಾಸದ ಟ್ಯಾಂಕು. ನಟ್ಟನಡುವೆ ಶಾಫ್ಟು, ಅದರ ಕೆಳಭಾಗದಲ್ಲಿ 45 ಡಿಗ್ರಿ ಓರೆ ಇರುವ ನಾಲ್ಕು ಬ್ಲೇಡು. ಬಟನ್ ಒತ್ತಿದ್ದೇ ತಡ, ಟ್ಯಾಂಕಿನ ನೀರೆಲ್ಲ ಗಿರ್ರನೆ ತಿರುಗಿ ನಡುವೆ ಆಳವಾದ ಸುಳಿ ಬಿತ್ತು. ಮ್ಯಾನ್‌ಹೋಲಿನಿಂದ ಇಣುಕಿದವರೆಲ್ಲ ತಲೆದೂಗಿದರು. ಎರಡು ದಿನ ಪುಡಿ ಹಾಕಿ ಓಡಿಸಿ ಟ್ಯಾಂಕ್ ಖಾಲಿ ಮಾಡಿದಾಗ ನೋಡಿದರೆ, ತಳದ ಮಧ್ಯದಲ್ಲಿ ಪುಡಿ ಗುಡ್ಡೆ ಕಟ್ಟಿಕೊಂಡು ಕೂತಿತ್ತು.

ಡ್ರಾಯಿಂಗ್‌ನಲ್ಲಿ ನಾಲ್ಕು ಬ್ಯಾಫಲ್ ಇದ್ದವು, ಟ್ಯಾಂಕಿನಲ್ಲಿ ಒಂದೂ ಇರಲಿಲ್ಲ. ತೊಳೆಯಲು ಅಡ್ಡ ಆಗುತ್ತವೆ ಅಂತ ಯಾರೋ ಬಿಡಿಸಿದ್ದರಂತೆ. ನಾನೂ ಟಾರ್ಚ್ ಹಾಕಿ ನೋಡಿರಲಿಲ್ಲ. ನೀರು ಪೂರ್ತಿ ಒಂದೇ ಮುದ್ದೆಯಾಗಿ ಸುತ್ತಿದರೆ ಪಕ್ಕಪಕ್ಕದ ಎರಡು ಹನಿ ಸುತ್ತಿದ ಮೇಲೂ ಪಕ್ಕಪಕ್ಕದಲ್ಲೇ ಇರುತ್ತವೆ. ಕಲೆಯುವುದು ಎಲ್ಲಿಂದ ಬಂತು? ಗೋಡೆಗೆ ನಿಲ್ಲಿಸಿದ ಪಟ್ಟಿಗಳು ಆ ಸುತ್ತನ್ನು ಮುರಿದು ನೀರನ್ನು ಮೇಲೆ ಕೆಳಗೆ ಓಡಾಡಿಸಬೇಕು. ಅದೇ ಬ್ಯಾಫಲ್ ಕೆಲಸ.

ಇದು ನನಗೆ ಆಗ ಹೊಳೆಯಲಿಲ್ಲ. ಮೋಟರ್ ವೇಗ ಬದಲಿಸುವ ಡ್ರೈವ್ ಇದೆಯಲ್ಲ ಅಂತ 50 ಹರ್ಟ್ಸ್‌ನಿಂದ 55ಕ್ಕೆ ಏರಿಸಿದೆ. ಸುಳಿ ಇನ್ನೂ ಆಳವಾಗಿ ಬ್ಲೇಡಿನವರೆಗೆ ಇಳಿಯಿತು. ಗಾಳಿ ಎಳೆದುಕೊಂಡು ಶಾಫ್ಟ್ ನಡುಗಿತು. ಪುಡಿ ಮಾತ್ರ ಕದಲಲಿಲ್ಲ. ಕೊನೆಗೆ ಬ್ಯಾಫಲ್ ಹಾಕಿಸಿದ್ದಾಯಿತು: ವ್ಯಾಸದ ಹನ್ನೆರಡನೇ ಒಂದು ಪಾಲು ಅಗಲ, ಅಂದರೆ ಸುಮಾರು 167 ಮಿಲಿಮೀಟರ್. ಹಿಂದೆ ಪುಡಿ ಸಿಕ್ಕಿಕೊಳ್ಳಬಾರದು ಅಂತ ಗೋಡೆಯಿಂದ ಸುಮಾರು 30 ಮಿಲಿಮೀಟರ್ ಸಂದು. ಒಳಗೆ ಇಳಿದು ವೆಲ್ಡ್ ಮಾಡುವಾಗ ಮೋಟರ್‌ನ ಕರೆಂಟ್ ಕಡಿಯುವ ಸ್ವಿಚ್ಚಿಗೆ, ಅಂದರೆ ಐಸೋಲೇಟರ್‌ಗೆ, ಬೀಗ, ಆ ಬೀಗದ ಕೀಲಿ ಇಳಿದವನ ಜೇಬಿನಲ್ಲೇ. ಗಾಳಿಗೆ ಬ್ಲೋವರ್, ಮೀಟರ್‌ನಲ್ಲಿ ಆಕ್ಸಿಜನ್ 19.5 ಶೇಕಡಾಕ್ಕಿಂತ ಕೆಳಗೆ ಬಂದರೆ ತಕ್ಷಣ ಹೊರಗೆ, ಮ್ಯಾನ್‌ಹೋಲ್ ಬಳಿ ಬೇರೆ ಕೆಲಸ ಮಾಡದೆ ನಿಂತಿರುವ ಒಬ್ಬ ಮನುಷ್ಯ. ಇದರಲ್ಲಿ ನಾನು ಯಾರ ಅವಸರವನ್ನೂ ಕೇಳುವುದಿಲ್ಲ.

ಬ್ಯಾಫಲ್ ಬಂತು, ಮತ್ತೆ ಚಾಲೂ ಮಾಡಿದೆ, ಹತ್ತೇ ನಿಮಿಷಕ್ಕೆ ಮೋಟರ್ ಟ್ರಿಪ್. ತಪ್ಪು ನನ್ನದೇ. ಡ್ರೈವ್ 55ರಲ್ಲೇ ಉಳಿದಿತ್ತು. ನೀರು ಜೊತೆಗೇ ಸುತ್ತುತ್ತಿದ್ದಾಗ ಬ್ಲೇಡಿಗೆ ಎದುರೇ ಇರಲಿಲ್ಲ, ಮೋಟರ್ ಹಗುರವಾಗಿ ಓಡುತ್ತಿತ್ತು. ಬ್ಯಾಫಲ್ ನೀರನ್ನು ತಡೆದ ಕೂಡಲೇ ನಿಜವಾದ ಲೋಡ್ ಬಂತು. ತೆಳುವಾದ ದ್ರವದಲ್ಲಿ ವೇಗ 10 ಶೇಕಡಾ ಏರಿಸಿದರೆ ಪವರ್ 33 ಶೇಕಡಾ ಏರುತ್ತದೆ, ವೇಗದ ಘನದ ಲೆಕ್ಕ. ಇಂಪೆಲ್ಲರ್ (ಬ್ಲೇಡುಗಳ ಚಕ್ರ) ವ್ಯಾಸ 10 ಶೇಕಡಾ ಜಾಸ್ತಿ ಮಾಡಿದರಂತೂ 61 ಶೇಕಡಾ. "ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿ ಸಾರ್" ಅನ್ನುವವರಿಗೆ ನಾನು ಈಗ ಈ ಲೆಕ್ಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ. 50ಕ್ಕೆ ಇಳಿಸಿದ ಮೇಲೆ ಪುಡಿ ತಳ ಬಿಟ್ಟು ಎದ್ದಿತು.

ಇನ್ನು ಕೂರಿಸುವ ಮಾತು. ಅಜಿಟೇಟರ್ ಅಂದರೆ ಮೇಲಿನಿಂದ ನೇತಾಡುವ ಉದ್ದನೆಯ ಸರಳು. ಮೇಲೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಕೆಳಗೆ ಬೆರಳಷ್ಟು ಆಗುತ್ತದೆ. ಅಜಿಟೇಟರ್ ಕೂರುವ 400 ಮಿಲಿಮೀಟರ್ ಅಗಲದ ಚಪ್ಪಟೆ ಬಳೆ, ಅಂದರೆ ಫ್ಲೇಂಜ್‌ನ, ಒಂದು ಬದಿ 1 ಮಿಲಿಮೀಟರ್ ತಗ್ಗಿದ್ದರೆ, 2400 ಮಿಲಿಮೀಟರ್ ಶಾಫ್ಟಿನ ತುದಿ 6 ಮಿಲಿಮೀಟರ್ ಆಚೆ ಹೋಗಿರುತ್ತದೆ. ಇದು ರಸಮಟ್ಟ ಮತ್ತು ತೆಳು ತಗಡಿನ ಶಿಮ್‌ನಲ್ಲಿ ಸರಿಹೋಗುವ ರೋಗ. ರನ್‌ಔಟ್, ಅಂದರೆ ತಿರುಗುವಾಗ ಶಾಫ್ಟ್ ಓಲಾಡುವುದು, ಬೇರೆಯದು. ಡಯಲ್ ಗೇಜನ್ನು ಶಾಫ್ಟಿನ ತುದಿಗೆ ಹಿಡಿದು ಕೈಯಿಂದ ಒಂದು ಸುತ್ತು ತಿರುಗಿಸಿ. ಶಾಫ್ಟ್ ನಡುವಿನಿಂದ ಸರಿದಿದ್ದರೂ ಮುಳ್ಳು ಅಲ್ಲಾಡದಿದ್ದರೆ ಫ್ಲೇಂಜ್ ನೋಡಿ. ಮುಳ್ಳು ತೂಗಿದರೆ ಶಾಫ್ಟ್ ಬಾಗಿದೆ, ಇಲ್ಲವೇ ಶಾಫ್ಟನ್ನು ಮೇಲಿನ ಗೇರ್‌ಬಾಕ್ಸ್‌ಗೆ ಜೋಡಿಸುವ ಕಪ್ಲಿಂಗ್ ಸರಿಯಾಗಿ ಕೂತಿಲ್ಲ.

ಒಮ್ಮೆ ಮುಳ್ಳು 4 ಮಿಲಿಮೀಟರ್ ತೂಗಿತು. ಎಲ್ಲರೂ ಶಾಫ್ಟ್ ಬಾಗಿದೆ, ವಾಪಸ್ ಕಳಿಸೋಣ ಅಂದರು. ನನಗೆ ಯಾಕೋ ಅನುಮಾನ. ಕಪ್ಲಿಂಗ್ ಬಿಚ್ಚಿಸಿ, ಎರಡು ಮುಖಗಳ ಮೇಲೂ ಬೆರಳ ತುದಿ ಆಡಿಸಿದೆ. ಕೆಳಗಿನದರ ಅಂಚಿನಲ್ಲಿ ಉಗುರಿಗೆ ಏನೋ ತಗುಲಿತು. ಬಣ್ಣ ಬಳಿದವರು ಕಪ್ಲಿಂಗ್ ಮುಖವನ್ನೂ ಬಿಟ್ಟಿರಲಿಲ್ಲ. ಒಣಗಿದ ಬಣ್ಣದ ಒಂದು ಚೂರು, ಕಾಲು ಮಿಲಿಮೀಟರ್ ದಪ್ಪವೂ ಇರಲಿಲ್ಲ. ಕೆರೆದು, ಬಟ್ಟೆಯಲ್ಲಿ ಒರೆಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ ಮತ್ತೆ ತಿರುಗಿಸಿದಾಗ ಮುಳ್ಳು 1 ಮಿಲಿಮೀಟರ್ ಒಳಗೆ ನಿಂತಿತು. ಲಾರಿ ಬಾಡಿಗೆ ಉಳಿಯಿತು.

ತಿರುಗುವ ದಿಕ್ಕನ್ನು ಕಪ್ಲಿಂಗ್ ಜೋಡಿಸುವ ಮೊದಲೇ ಮೋಟರ್‌ಗೆ ಒಂದು ಝಟಕ ಕೊಟ್ಟು ನೋಡಿಬಿಡಿ. ಎರಡು ಫೇಸ್ ಅದಲುಬದಲಾದರೆ ಓರೆ ಬ್ಲೇಡ್ ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ಎತ್ತುತ್ತದೆ. ಮೇಲೆ ನೋಡಿದರೆ ಚೆನ್ನಾಗೇ ಕುದಿಯುತ್ತಿರುವ ಹಾಗೆ ಕಾಣುತ್ತದೆ, ಅದೇ ಮೋಸ.

ಮೊದಲ ಓಟ ಯಾವಾಗಲೂ ನೀರಿನಲ್ಲೇ. ಆದರೆ ನೀರಿನಲ್ಲಿ ಬಂದ ರೀಡಿಂಗ್ ನೋಡಿ ನೆಮ್ಮದಿಯಾಗಿ ಮಲಗಬೇಡಿ. ಸ್ಲರಿಯ (ಪುಡಿ ಬೆರೆತ ದ್ರವ) ಸಾಂದ್ರತೆ ನೀರಿನ 1.3 ಪಟ್ಟು ಇದ್ದರೆ ಪವರ್ ಕೂಡ ಸುಮಾರು ಅಷ್ಟೇ ಪಟ್ಟು. ಕ್ಲಾಂಪ್ ಮೀಟರ್ ತೋರಿಸುವ ಆಂಪ್ಸ್ ಕಡಿಮೆ ಲೋಡಿನಲ್ಲಿ ಅಷ್ಟು ನಂಬುವಂಥದ್ದಲ್ಲ. ಡ್ರೈವ್ ಕಿಲೋವಾಟ್ ತೋರಿಸುವುದಾದರೆ ಅದನ್ನೇ ಬರೆದಿಡಿ, ಪಕ್ಕದಲ್ಲಿ ಟ್ಯಾಂಕಿನ ಲೆವೆಲ್ ಕೂಡ.

ಲೆವೆಲ್ ಯಾಕೆ ಅಂದರೆ, ನಾನು ನೋಡಿದ ಬಾಗಿದ ಶಾಫ್ಟ್‌ಗಳು ಜಾಸ್ತಿ ಹಾಳಾಗಿದ್ದು ಟ್ಯಾಂಕ್ ಖಾಲಿಯಾಗುವಾಗ. ದ್ರವದ ಮೇಲ್ಮೈ ಬ್ಲೇಡಿನ ಮಟ್ಟಕ್ಕೆ ಬಂದಾಗ ಒಂದು ಬ್ಲೇಡು ನೀರಿಗೆ ಬಡಿದರೆ ಇನ್ನೊಂದು ಗಾಳಿಯಲ್ಲಿರುತ್ತದೆ. ಆಗ ಕೇಳುವ ಡಬ್ ಡಬ್ ಶಬ್ದ ಏಣಿಯ ಕಂಬಿ ಹಿಡಿದ ಕೈಗೂ ಗೊತ್ತಾಗುತ್ತದೆ. ಅದಕ್ಕೇ ಬ್ಲೇಡಿಗಿಂತ ಸಾಕಷ್ಟು ಮೇಲೆ ಲೆವೆಲ್ ಸ್ವಿಚ್ ಇಟ್ಟು, ಅಲ್ಲಿಗೆ ಬಂದರೆ ತಾನಾಗಿ ನಿಲ್ಲುವ ಹಾಗೆ ಮಾಡಿಸಿದೆ. ಪ್ರೊಡಕ್ಷನ್‌ನವರಿಗೆ ಸಿಟ್ಟು ಬಂತು, ಉಳಿದ ಸ್ಲರಿ ತಳದಲ್ಲಿ ಕೂರುತ್ತಿತ್ತಲ್ಲ. ಅವರ ದೂರಿನಲ್ಲೂ ನ್ಯಾಯ ಇತ್ತು. ಕೊನೆಗೆ ಶಾಫ್ಟ್ ತುದಿಯಲ್ಲಿ, ತಳದ ಹತ್ತಿರ, ಚಿಕ್ಕದೊಂದು ಇಂಪೆಲ್ಲರ್ ಜೋಡಿಸಿ ಕ್ರಿಟಿಕಲ್ ಸ್ಪೀಡ್ (ಶಾಫ್ಟ್ ಜೋರಾಗಿ ನಡುಗತೊಡಗುವ ವೇಗ) ಮತ್ತೆ ಲೆಕ್ಕ ಹಾಕಿಸಿದೆವು. ತುದಿಗೆ ತೂಕ ಬಿದ್ದರೆ ಆ ಸ್ಪೀಡ್ ಇಳಿಯುತ್ತದೆ. ಓಡಿಸುವ ವೇಗ ಅದರಿಂದ ದೂರವೇ ಇರಬೇಕು.

ಕರೆಂಟ್ ಹೋಗಿ ಸ್ಲರಿ ಕೂತುಬಿಟ್ಟಾಗ ಸೀದಾ ಸ್ಟಾರ್ಟ್ ಒತ್ತುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಬ್ಲೇಡ್ ಹೂತಿದ್ದರೆ ಪೆಟ್ಟು ಬೀಳುವುದು ಗೇರ್‌ಬಾಕ್ಸ್‌ಗೆ. ಮೊದಲು ತಳದಿಂದ ನೀರೋ ಗಾಳಿಯೋ ಬಿಟ್ಟು ಸಡಿಲ ಮಾಡಿ, ಐಸೋಲೇಟರ್ ಆಫ್ ಮಾಡಿ ಕೈಯಿಂದ ತಿರುಗುತ್ತದಾ ನೋಡಿ.

ಅಂಟು ಪುಡಿ ಹಾಕುವ ಟ್ಯಾಂಕಿನಲ್ಲಿ ನಾನು ಬೈದ ಸುಳಿಯನ್ನೇ ಮತ್ತೆ ಕರೆಯಬೇಕಾಯಿತು. ನೈಟ್ ಶಿಫ್ಟ್‌ನಲ್ಲಿ ಇಡೀ ಚೀಲ ಒಂದೇ ಸಲ ಸುರಿದುಬಿಡುತ್ತಿದ್ದರು. ಬೆಳಿಗ್ಗೆ ಫಿಲ್ಟರ್ ತುಂಬ ಗೋಲಿಯಂಥ ಗಂಟುಗಳು. ಒಂದನ್ನು ಹೆಬ್ಬೆರಳಲ್ಲಿ ಒತ್ತಿ ಒಡೆದೆ. ಹೊರಗೆ ಜಾರುವ ಪೊರೆ, ಒಳಗೆ ಚೀಲದಿಂದ ಈಗಷ್ಟೇ ತೆಗೆದಂಥ ಒಣ ಪುಡಿ. ಪೊರೆ ಕಟ್ಟಿದ ಮೇಲೆ ಎಷ್ಟು ಹೊತ್ತು ತಿರುಗಿಸಿದರೂ ಒಳಗೆ ನೀರು ಹೋಗಲ್ಲ. ಹಾಗಾಗಿ ಆ ಟ್ಯಾಂಕಿನ ಬ್ಯಾಫಲ್‌ಗಳನ್ನು ಮೇಲ್ಮೈಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿದೆವು. ಮೇಲೆ ಸಣ್ಣ ಸುಳಿ ಎದ್ದು ಪುಡಿಯನ್ನು ಒಳಗೆಳೆಯುತ್ತದೆ, ಕೆಳಗೆ ಬ್ಯಾಫಲ್ ಸುತ್ತನ್ನು ಮುರಿಯುತ್ತದೆ. ಪುಡಿ ಜರಡಿಯ ಮೂಲಕ, ನಿಧಾನವಾಗಿ, ದ್ರವ ಗಟ್ಟಿಯಾಗುವ ಮೊದಲೇ ಮುಗಿಯಬೇಕು.

ಕಲೆತಿದೆಯಾ ಅಂತ ನೋಡಲು ಮೇಲೆ, ನಡುವೆ, ತಳದಲ್ಲಿ ಒಂದೊಂದು ಸ್ಯಾಂಪಲ್ ತೆಗೆದು ಒಣಗಿಸಿ ತೂಗುವ ಪದ್ಧತಿ ಇಟ್ಟೆ. ಒಂದು ವಾರ ಮೂರೂ ತೂಕ ಹೆಚ್ಚುಕಡಿಮೆ ಒಂದೇ ಬಂದವು. ತಳಕ್ಕೆ ಕೂರುವ ಪುಡಿಯಲ್ಲಿ ಅಷ್ಟು ಸಮ ಬರುವುದು ಅಪರೂಪ. ವಿಚಾರಿಸಿದರೆ, ಏಣಿ ಹತ್ತುವ ಬೇಜಾರಿಗೆ ಮೂರು ಬಾಟಲಿಯನ್ನೂ ತಳದ ವಾಲ್ವಿನಿಂದಲೇ ತುಂಬುತ್ತಿದ್ದರು. ಬೈಯಲಿಲ್ಲ. ಟ್ಯಾಂಕಿನ ಪಕ್ಕದಲ್ಲಿ, ಪ್ಲಾಟ್‌ಫಾರ್ಮ್ ಮೇಲೆ ನಿಂತರೆ ಕೈಗೆ ಸಿಗುವ ಎತ್ತರಗಳಲ್ಲಿ, ಇನ್ನೆರಡು ಸ್ಯಾಂಪಲ್ ವಾಲ್ವ್ ಹಾಕಿಸಿದೆ.